ಸದ್ದು ಮಾಡುವ ಗಾಡಿ ಹಿಂದಕ್ಕೆ

ನಮ್ಮ ಭಾವನ ಬಗ್ಗೆ ಬರೆಯುವುದಾದರೆ ಒಳ್ಳೆಯ ಮಾತಿನಿಂದಲೇ ಶುರು ಮಾಡಬೇಕೆಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಆಗಲಿ. ಭಾವ ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಒಳ್ಳೆಯ ಮಾತು ಮುಗಿಯಿತು. ಎದುರಿಗೆ ಸಿಕ್ಕಾಗ ‘ನೀವು’ ಎನ್ನುತ್ತೇನೆ, ಊಟಕ್ಕೆ ಕೂತಾಗ ಮೊದಲು ಅವನಿಗೇ ಬಡಿಸುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಬರೆಯುವಾಗಲಾದರೂ ಏಕವಚನ ಬೇಡವೇ? ಹೆಂಡತಿಯ ತಮ್ಮನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ.

ಭಾವನ ಕಸುಬು ಹಲ್ಲಿನ ಸೆಟ್ ಮಾಡುವುದು. ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಔಷಧಿ ಅಂಗಡಿಯ ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಗುಲಾಬಿ ಬಣ್ಣದ ವಸಡು ಬೇಯಿಸಿ, ತಿರುಗುವ ಬ್ರಷ್ಷಿಗೆ ಹಿಡಿದು ಫಳಫಳ ಮಾಡಿ ವಾಪಸ್ ಕಳಿಸುತ್ತಾನೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ದವಡೆಗಳು. ಬೆಳಿಗ್ಗೆ ಬಾಗಿಲು ತೆಗೆದರೆ ಮುಖವೇ ಇಲ್ಲದ ಒಂದು ಸಭೆ ನಮ್ಮನ್ನು ನೋಡಿ ನಗುತ್ತಿರುತ್ತದೆ. ಭಾವನಿಗೆ ಒಂದು ಹೆಮ್ಮೆ: ಅವನು ಮಾಡಿದ ಸೆಟ್ಟು ಯಾರ ಬಾಯಲ್ಲೂ ಸದ್ದು ಮಾಡುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ಬಿಸ್ಕತ್ತು ಕಡಿಯುವಾಗ ಟಕ್ ಎಂದಿತೋ, ನನ್ನ ಪಕ್ಕೆ ತಿವಿದು, “ಅದು ನಮ್ಮ ಮಾಲಲ್ಲ ಕಣೋ” ಎನ್ನುತ್ತಾನೆ. ಅವರಿಗೂ ಕೇಳಿಸುವ ಹಾಗೆ.

ಇಂಥ ಮನುಷ್ಯ ತಲೆ ನರೆತ ಮೇಲೆ ಸೈಕಲ್ ಹುಚ್ಚು ಹತ್ತಿಸಿಕೊಂಡ. ಸೈಕಲ್ ತುಳಿಯುವುದರಲ್ಲಿ ತಪ್ಪೇನಿಲ್ಲ, ಮೈಗೆ ಒಳ್ಳೆಯದು. ಆದರೆ ಅವನು ಸುಮ್ಮನೆ ತುಳಿಯಲಿಲ್ಲ. ಫೋನಿನಲ್ಲಿ ‘ಚಕ್ರಬಳಗ’ ಎಂಬ ಗುಂಪು ಸೇರಿದ. ನನ್ನನ್ನೂ ಕತ್ತು ಹಿಡಿದು ಸೇರಿಸಿದ. ನನ್ನದು ಕನ್ನಡಕದ ಅಂಗಡಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನ್ ನೋಡುವ ಚಟ ಇದ್ದೇ ಇತ್ತು. ಅಲ್ಲಿ ನೋಡಿದ್ದನ್ನು ನೋಡದೇ ಇದ್ದಿದ್ದರೆ ಇನ್ನೂ ನಾಲ್ಕು ದಿನ ಹೆಚ್ಚು ಬದುಕುತ್ತಿದ್ದೆನೇನೋ.

ಈ ಬಳಗದವರು ಸೈಕಲ್ಲನ್ನು ಸೈಕಲ್ ಎನ್ನುವುದಿಲ್ಲ, ‘ಗಾಡಿ’ ಎನ್ನುತ್ತಾರೆ. ಗಾಡಿಯ ಫೋಟೋ ಹಾಕುವಾಗ ಚೈನಿರುವ ಬಲಬದಿಯೇ ಕ್ಯಾಮರಾಕ್ಕೆ ಕಾಣಬೇಕು. ಇನ್ನೊಂದು ಕಡೆಯಿಂದ ತೆಗೆದರೆ ಮಹಾಪರಾಧ. ಒಬ್ಬಾತ ಹೊಸದಾಗಿ ಹುಟ್ಟಿದ ಮಗಳನ್ನು ಗಾಡಿಯ ಮುಂದೆ ಎತ್ತಿಕೊಂಡು ನಿಂತ ಫೋಟೋ ಹಾಕಿದರೆ, ಮೊದಲ ಉತ್ತರ: “ಮಗು ಸ್ವಲ್ಪ ಪಕ್ಕಕ್ಕೆ ಇರಲಿ, ಗೇರು ಕಾಣ್ತಿಲ್ಲ.” ಟೈರಿಗೆ ಎಷ್ಟು ಗಾಳಿ ಹಾಕಬೇಕೆಂಬ ಮಾತಿನಲ್ಲಿ ಇಬ್ಬರು ಹಳೆಯ ಸ್ನೇಹಿತರು ಮಾತು ಬಿಟ್ಟಿದ್ದಾರೆ. ಬಳಗದ ಅಡ್ಮಿನ್ ಒಬ್ಬ ವಕೀಲರು. ಕೋರ್ಟಿನಲ್ಲಿ ಅವರ ಬಾಯಿಗೆ ಕೆಲಸ ಕಡಿಮೆ ಎಂದು ಕಾಣುತ್ತದೆ, ಅದನ್ನೆಲ್ಲ ಇಲ್ಲಿ ತೀರಿಸಿಕೊಳ್ಳುತ್ತಾರೆ.

ವರ್ಷಕ್ಕೊಮ್ಮೆ ಇವರೆಲ್ಲ ಬೆಟ್ಟ ಹತ್ತಿ, ಆಚೆಗಿರುವ ಅಣೆಕಟ್ಟಿನವರೆಗೆ ದೊಡ್ಡ ಸವಾರಿ ಹೋಗುತ್ತಾರೆ. ಅದಕ್ಕೊಂದು ನಿಯಮ ಇದೆ: ಸದ್ದು ಮಾಡುವ ಗಾಡಿ ಹಿಂದಕ್ಕೆ. ಕಿರಗುಟ್ಟುವ ಗಾಡಿ ಮುಂದಿದ್ದರೆ ಹಿಂದಿನವರಿಗೆಲ್ಲ ತಲೆಚಿಟ್ಟು ಹಿಡಿಯುತ್ತದೆ ಎಂಬ ನೆಪ. ನಿಯಮ ತಂದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹೊರಡುವ ಮುಂಚೆ ಭಾವ ಒಬ್ಬೊಬ್ಬರ ಗಾಡಿಯ ಹತ್ತಿರ ಬಗ್ಗಿ, ಪೆಡಲು ತಿರುಗಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟು, ಆಮೇಲೆ ತೀರ್ಪು ಕೊಡುತ್ತಿದ್ದ. ಹೋದ ವರ್ಷ ಬೇಕರಿಯವನ ಹೊಚ್ಚಹೊಸ ಗಾಡಿಯನ್ನು ಎಲ್ಲರೆದುರು ಬಾಲಕ್ಕೆ ಕಳಿಸಿದ. ಬೇಕರಿಯವ ದಪ್ಪ ಮನುಷ್ಯ, ನಗುಮುಖದವನು. ಅವತ್ತು ಮಾತ್ರ ಮುಖ ಊದಿಸಿಕೊಂಡು ಹೋದ. ಅಂದಿನಿಂದ ಭಾವ ಬಳಗದಲ್ಲಿ ಏನು ಬರೆದರೂ ಅದರ ಕೆಳಗೆ ಒಂದು ಕಿವಿಯ ಚಿತ್ರ ಅಂಟಿಸಿ ಹೋಗುತ್ತಾನೆ.

ಈ ವರ್ಷ ಸವಾರಿಯ ಮುಂದಾಳು ಭಾವನೇ ಎಂದು ಬಳಗ ಆರಿಸಿತು. ಎಲ್ಲರಿಗಿಂತ ಮುಂದೆ, ಅವನ ಬೆನ್ನ ಹಿಂದೆ ಅಷ್ಟೂ ಜನ. ಅವನ ಸಂಭ್ರಮ ನೋಡಬೇಕಿತ್ತು! ಬದುಕಿಡೀ ಹಿಂದಿನ ಕೋಣೆಯಲ್ಲಿ ಕೂತು, ತಾನು ಕಾಣದ ಬಾಯಿಗಳಿಗೆ ಹಲ್ಲು ಕೂರಿಸಿದವನು. ರೋಗಿಗಳು ಥ್ಯಾಂಕ್ಸ್ ಹೇಳುವುದು ಡಾಕ್ಟರಿಗೆ. ಹಾಗಾಗಿ ಅವನ ಖುಷಿ ನನಗೆ ಅರ್ಥವಾಗದೇ ಇರಲಿಲ್ಲ, ಆದರೆ ಹೇಳಿದ್ದನ್ನೇ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದು ಬೇರೆ ಮಾತು.

ಅಷ್ಟರಲ್ಲಿ ಶುರುವಾಯಿತು ನೋಡಿ, ಆ ಸದ್ದು.

ಏರುರಸ್ತೆಯಲ್ಲಿ ತುಳಿಯುವಾಗ ‘ಕಿರ್ರ್’ ಎನ್ನುತ್ತಿತ್ತು. ಭಾವನ ಗಾಡಿ! ಸದ್ದಿಲ್ಲದ ಗಾಡಿಗಳ ಸಾಕ್ಷಾತ್ ದೇವರ ಗಾಡಿ! ಎರಡು ವಾರ ಮುಚ್ಚಿಟ್ಟ. ಎಷ್ಟೂಂತ ಮುಚ್ಚಿಡುವುದು? ಕೊನೆಗೆ ಫೋನಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿ ಬಳಗಕ್ಕೆ ಹಾಕಿ, “ಗೆಳೆಯರೇ, ಇದು ಏನಿರಬಹುದು?” ಎಂದು ಕೇಳಿದ. ಬಳಗ ಊಟ ತಿಂಡಿ ಬಿಟ್ಟು ಅದರ ಮೇಲೆ ಬಿತ್ತು.

“ಎಡಗಾಲು ತುಳಿದಾಗಲಾ, ಬಲಗಾಲು ತುಳಿದಾಗಲಾ? ಸ್ಪಷ್ಟವಾಗಿ ಹೇಳಿ” ಎಂದರು ವಕೀಲರು.

“ಬಲಗಾಲು.”

“ಕೂತಾಗಲಾ, ಎದ್ದು ನಿಂತು ತುಳಿದಾಗಲಾ?”

“ಎರಡೂ.”

“ನಮ್ಮ ಓವನ್ ಬಾಗಿಲು ಹಿಂಗೇ ಅಂತಿತ್ತು. ಬೆಣ್ಣೆ ಹಚ್ಚಿದೆ, ಸರಿಹೋಯ್ತು” ಎಂದು ಬೇಕರಿಯವ ಬರೆದು, ಕೆಳಗೆ ಕಿವಿ ಅಂಟಿಸಿದ.

ಬಳಗದಲ್ಲಿ ಒಬ್ಬ ಎಲುಬು ಡಾಕ್ಟರೂ ಇದ್ದಾರೆ. ಸ್ವಂತ ಕ್ಲಿನಿಕ್ಕು, ಕೈಗುಣ ಒಳ್ಳೆಯದೆಂದು ಹೆಸರು. ಅವರು ಬರೆದದ್ದನ್ನು ನಾನು ಅಂಗಡಿಯಲ್ಲಿ ಕೂತು ಓದಿದೆ: “ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿದೆ. ಡೌಟೇ ಇಲ್ಲ, ಬಾಟಮ್ ಬ್ರಾಕೆಟ್. ಸವೆದುಹೋಗಿದೆ. ತಡ ಮಾಡಬೇಡಿ, ಇನ್ನೂ ಹಾಳಾಗುತ್ತೆ.” ಎರಡು ಪೆಡಲುಗಳ ನಡುವೆ ಇರುವ ಬೇರಿಂಗಿನ ಡಬ್ಬಿಗೆ ಹಾಗೆನ್ನುತ್ತಾರಂತೆ. ಭಾವ ಮರುದಿನವೇ ಅದನ್ನು ಬದಲಾಯಿಸಿದ. ಸದ್ದು ನಿಲ್ಲಲಿಲ್ಲ. ಪೆಡಲು ಬದಲಾಯಿಸಿದ. ಕಿರ್ರ್. ಚೈನು ಬದಲಾಯಿಸಿದ. ಕಿರ್ರ್. ಸೀಟಿನ ಕೆಳಗಿನ ಕೊಳವೆ ಬಿಚ್ಚಿ ಗ್ರೀಸು ಬಳಿದ, ಆಮೇಲೆ ಸೀಟನ್ನೇ ಬದಲಾಯಿಸಿದ. ಪ್ರತಿ ಸಲವೂ ಬಳಗ ಹೊಸ ಉತ್ಸಾಹದಿಂದ ಇನ್ನೊಂದು ಪಾರ್ಟಿನ ಹೆಸರು ಹೇಳುತ್ತಿತ್ತು.

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಗಾಬರಿಯಿಂದ ಸ್ಟೀರಿಂಗ್ ಅಪ್ಪಿಕೊಂಡವರ ಪಕ್ಕದಲ್ಲಿ ಕೂತು, ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ದಿನ ಕಳೆಯುತ್ತಾಳೆ. ಅವಳ ಸಹನೆಯೆಲ್ಲ ಅಲ್ಲೇ ಖರ್ಚಾಗಿ, ಮನೆ ಮುಟ್ಟುವ ಹೊತ್ತಿಗೆ ಡಬ್ಬಿ ಖಾಲಿ. ಹೊಸ ಸೀಟು ಬಂದ ದಿನ ಅವಳು ಆ ಸೀಟಿಗೆ ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವಂತಿಲ್ಲ. “ಕೂರೋದಕ್ಕೆ ಇದೊಂದು ಕಡಿಮೆಯಾಗಿತ್ತು! ಮನೇಲಿರೋ ಸೋಫಾ ಸಾಲದಾ? ಸುಮ್ನೆ ಒಂದು ಕಡೆ ಕೂತ್ಕೊಳ್ಳೋಕೆ ಏನು ಧಾಡಿ ನಿಮಗೆ?” ಎಂದು ಕೆಂಡಾಮಂಡಲವಾಗಿ, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡಳು. ಒಂದು ಸೀಟಿಗೆ ಇಷ್ಟೊಂದೇ ಎಂದು ನನಗೂ ಅನ್ನಿಸಿತು.

ಆದ್ದರಿಂದ, ಬಳಗದವರು ಭಾನುವಾರ ಮನೆಗೇ ಬಂದು ಗಾಡಿ ಬಿಚ್ಚಿ ನೋಡುತ್ತಾರಂತೆ ಎಂದು ಭಾವ ಹೆದರುತ್ತಾ ಹೇಳಿದಾಗ, ಅವಳು ಒಪ್ಪಿದ್ದು ಕಂಡು ನಾನು ಬೆಪ್ಪಾದೆ.

“ಬರ್ಲಿ ಬಿಡಿ. ಡಾಕ್ಟರೂ ಬರ್ತಾರೆ ತಾನೇ?” ಎಂದಳು.

“ಅವರಿಲ್ದೆ ಆಗುತ್ತಾ? ಬಾಟಮ್ ಬ್ರಾಕೆಟ್ ಅಂತ ಹೇಳಿದ್ದೇ ಅವರು.”

ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಪಡಸಾಲೆಯಲ್ಲಿ ಪೇಪರ್ ಹಾಸಿ, ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿದರು. ವಕೀಲರು ಹತ್ತಿ ತುಳಿದರು: ಸದ್ದಿಲ್ಲ. ಡಾಕ್ಟರು ತುಳಿದರು: ಸದ್ದಿಲ್ಲ. ಭಾವ ತುಳಿದ: ಕಿರ್ರ್. ಇಷ್ಟು ಸಾಕಲ್ಲವೇ, ಕಣ್ಣಿದ್ದವರಿಗೆ? ಇಲ್ಲ. “ತೂಕದ ವ್ಯತ್ಯಾಸ” ಎಂದರು ಡಾಕ್ಟರು. ಹಾಗಾದರೆ ಎಲ್ಲರಿಗಿಂತ ಭಾರದವನು ಹತ್ತಲಿ ಎಂದು ಬೇಕರಿಯವನನ್ನು ಕೂರಿಸಿದರು. ಸ್ಟ್ಯಾಂಡು ನರಳಿತು, ಗಾಡಿ ಉಸಿರೆತ್ತಲಿಲ್ಲ. “ಅಂದ್ರೆ ತೂಕ ಅಲ್ಲ, ತುಳಿಯೋ ಕೋನ” ಎಂದರು ಡಾಕ್ಟರು. ಭಾವ ಶೂ ಬಿಚ್ಚಿ ಬರಿಗಾಲಲ್ಲಿ ತುಳಿದ. ಕಿರ್ರ್. “ಬಿಚ್ಚೋಣ” ಎಂದರು ವಕೀಲರು. ಚಕ್ರ, ಚೈನು, ಪೆಡಲು, ಸೀಟು, ಹ್ಯಾಂಡಲ್, ಎಲ್ಲವೂ ಕಳಚಿ ಪೇಪರಿನ ಮೇಲೆ ಬಿದ್ದವು. ಗ್ರೀಸು ಮೆತ್ತಿದ ಕೈಗಳಲ್ಲಿ ಊರಿನ ಮರ್ಯಾದಸ್ಥರೆಲ್ಲ ಅದರ ಸುತ್ತ ಕುಕ್ಕರುಗಾಲಲ್ಲಿ ಕೂತರು.

ಅಕ್ಕ ಟೀ ತಂದಳು. ಲೋಟ ತೆಗೆದುಕೊಳ್ಳಲು ಭಾವ ನೆಲದಿಂದ ಎದ್ದ.

ಕಿರ್ರ್.

ಎಲ್ಲರೂ ಒಟ್ಟಿಗೆ ಗಾಡಿಯ ಕಡೆ ತಿರುಗಿದರು. ಗಾಡಿ ಎಲ್ಲಿತ್ತು? ಚೂರು ಚೂರಾಗಿ ಪೇಪರಿನ ಮೇಲಿತ್ತು. ಎಲುಬು ಡಾಕ್ಟರು, ದೇವರಾಣೆಗೂ ಹೇಳುತ್ತೇನೆ, ಆಗಲೂ ಬಗ್ಗಿ ಬರಿಯ ಚೌಕಟ್ಟಿಗೆ ಕಿವಿ ಹಚ್ಚಿದರು.

ಅಕ್ಕ ಟ್ರೇಯನ್ನು ಟೀಪಾಯಿಯ ಮೇಲೆ ಕುಕ್ಕಿದಳು. “ಡಾಕ್ಟ್ರೇ, ಸದ್ದು ಗಾಡಿದಲ್ಲ, ನಮ್ಮೆಜಮಾನ್ರದು. ಬಲಗಡೆ ಮೊಣಕಾಲು. ಇಲ್ಲಿವರೆಗೆ ಬಂದಿದ್ದೀರಿ, ಒಂದ್ಸಲ ಮುಟ್ಟಿ ನೋಡಿ.”

ಭಾವನನ್ನು ಸೋಫಾದ ಮೇಲೆ ಮಲಗಿಸಿ ಪ್ಯಾಂಟು ಮೇಲೆತ್ತಿದರು. ಡಾಕ್ಟರು ಕಾಲು ಮಡಚಿ ಬಿಚ್ಚಿದರು. ಕಿರ್ರ್. ವಕೀಲರು ತಾವೂ ಕೇಳಬೇಕೆಂದು ಕಿವಿ ತಂದರು. ಬೇಕರಿಯವ ರೆಕಾರ್ಡ್ ಮಾಡಿಕೊಂಡ. ಭಾವ ಮಾತ್ರ ಯಾರ ಮುಖವನ್ನೂ ನೋಡದೆ ಸೂರು ನೋಡುತ್ತಾ ಮಲಗಿದ್ದ.

ಸೋಮವಾರ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ಜೊತೆಗೆ ಹೋದವನು ನಾನು. “ಸವೆದುಹೋಗಿದೆ. ತಡ ಮಾಡಬೇಡಿ, ಇನ್ನೂ ಹಾಳಾಗುತ್ತೆ” ಎಂದರು ಡಾಕ್ಟರು. ಬಳಗದಲ್ಲಿ ಬರೆದದ್ದೂ ಇದೇ ಮಾತು. ಅದು ಅವರಿಗೂ ನೆನಪಾಯಿತೆಂದು ಕಾಣುತ್ತದೆ, ಕೆಂಪಗಾದರು. ಆಪರೇಷನ್ ಮಾಡಿ ಕೀಲು ಹಾಕಿದರೆ ಮತ್ತೆ ಸಮತಟ್ಟು ರಸ್ತೆಯಲ್ಲಿ ಆರಾಮವಾಗಿ ತುಳಿಯಬಹುದು. ಅದಕ್ಕೆ ಮುಂಚೆ ಆ ಬೆಟ್ಟ ಹತ್ತಿದರೆ ಸೈಕಲ್ಲಿರಲಿ, ನಡೆಯುವುದೂ ಕಷ್ಟ.

ಭಾವ ಎಲ್ಲಕ್ಕೂ ತಲೆಯಾಡಿಸಿದ. ಹೊರಗೆ ಬಂದು, “ಸವಾರಿ ಮುಗಿಸ್ಕೊಂಡು ಬಂದು ಮಾಡಿಸ್ತೀನಿ” ಎಂದ. ನನಗೆ ಅಲ್ಲೇ ಉರಿ ಹತ್ತಿತು.

ಬಳಗದಲ್ಲಿ ಬೇರೆಯೇ ಜಾತ್ರೆ. ನಿಯಮದಲ್ಲಿ ‘ಗಾಡಿ’ ಎಂದಿದೆ, ಸವಾರನ ಮೊಣಕಾಲು ಗಾಡಿಯ ಭಾಗವೋ ಅಲ್ಲವೋ ಎಂದು ವಕೀಲರು ಪ್ರಶ್ನೆ ಎತ್ತಿದ್ದರು. “ಅವರಿಲ್ದೆ ಗಾಡಿ ಓಡುತ್ತಾ? ಓಡಲ್ಲ. ಅಂದ್ಮೇಲೆ ಭಾಗಾನೇ, ಹಿಂದಕ್ಕೆ” ಎಂದು ಬೇಕರಿಯವ. “ಹಾಗಾದ್ರೆ ಏರು ಹತ್ತುವಾಗ ಬುಸುಗುಟ್ಟೋರು?” ಎಂದು ಇನ್ನೊಬ್ಬ. ಅದು ಬೇಕರಿಯವನಿಗೇ ಎಸೆದ ಕಲ್ಲು. ಮತಕ್ಕೆ ಹಾಕಿದರು. ಮೊಣಕಾಲು ಗಾಡಿಯ ಭಾಗವಲ್ಲ ಎಂದು ತೀರ್ಮಾನವಾಯಿತು. ಅಂದರೆ ಭಾವ ಮುಂದಾಳಾಗಲು ಅಡ್ಡಿಯಿಲ್ಲ. ಆ ಕಾಲು ಬೆಟ್ಟ ಹತ್ತಬಲ್ಲುದೋ ಇಲ್ಲವೋ ಎಂದು ಒಬ್ಬನೂ ಕೇಳಲಿಲ್ಲ. ಥೂ, ಏನು ಜನವಪ್ಪಾ ಎಂದು ನಾನು ಫೋನನ್ನು ಗಲ್ಲಾಪೆಟ್ಟಿಗೆಗೆ ಎಸೆದೆ.

ಸವಾರಿಗೆ ಇನ್ನೇನು ಎರಡು ದಿನ ಇರುವಾಗ ಅಕ್ಕ ನನ್ನ ಅಂಗಡಿಗೆ ಬಂದಳು. ಗಿರಾಕಿಯ ಸ್ಟೂಲಿನ ಮೇಲೆ ಕೂತಳು.

“ನೀನಾದ್ರೂ ಹೇಳೋ. ನನ್ನ ಮಾತು ಕೇಳ್ತಿಲ್ಲ. ಹಟ ಮಾಡ್ತಿದ್ದಾರೆ.”

“ಭಾನುವಾರವೇ ಬೈದು ಕೂರಿಸಬೇಕಿತ್ತು ನೀನು.”

“ಭಾನುವಾರ ಅಲ್ಲ, ಅದಕ್ಕಿಂತ ಎಷ್ಟೋ ಮುಂಚೆ ಬೈಬೇಕಿತ್ತು. ಮಗ್ಗುಲು ಬದಲಾಯಿಸಿದಾಗೆಲ್ಲ ಆ ಸದ್ದು ಕೇಳ್ತಿತ್ತು ಕಣೋ. ಹಾಸಿಗೇಲಿ ಯಾವ ಪೆಡಲು ಇರುತ್ತೆ? ಡಾಕ್ಟರ ಹತ್ರ ಹೋಗೋಣ ಅಂದ್ರೆ ಬರ್ತಿರ್ಲಿಲ್ಲ. ಅದಕ್ಕೇ ಡಾಕ್ಟ್ರೇ ಮನೆಗೆ ಬರ್ಲಿ ಅಂತ ಒಪ್ಕೊಂಡೆ. ಆ ಮಹಾನುಭಾವ ನೋಡಿದ್ರೆ ಚೌಕಟ್ಟಿಗೆ ಕಿವಿ ಇಟ್ರು.” ನಕ್ಕಳು, ತಕ್ಷಣ ಕಣ್ಣೊರೆಸಿಕೊಂಡಳು. “ಇದನ್ನ ಅವರಿಗೆ ಹೇಳ್ಬೇಡ. ಬೇಕೂಂತ್ಲೇ ಎಲ್ಲರ ಮುಂದೆ ಹೇಳಿದೆ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ.”

ಸಂಜೆ ಅಂಗಡಿ ಬೇಗ ಮುಚ್ಚಿ ಭಾವನ ಕೋಣೆಗೆ ಹೋದೆ. ಅವನು ಸ್ಟೂಲಿನ ಮೇಲೆ ಬಲಗಾಲು ಚಾಚಿಕೊಂಡು ಕೂತು, ಒಂದು ಮೇಲ್ದವಡೆಯನ್ನು ಬ್ರಷ್ಷಿಗೆ ಹಿಡಿದಿದ್ದ. ಮೈಮೇಲೆಲ್ಲ ಬಿಳಿ ಪುಡಿ.

“ಭಾವ, ನಿಮಗೇನು ತಲೆ ಕೆಟ್ಟಿದೆಯಾ?” ಎಂದೆ. “ಡಾಕ್ಟರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?”

“ಬಿತ್ತು. ಅದೇ ಡಾಕ್ಟರು ಬಾಟಮ್ ಬ್ರಾಕೆಟ್ ಅಂತಾನೂ ಹೇಳಿದ್ರು.”

ಅವನು ಮಷೀನು ನಿಲ್ಲಿಸಿದ. ದವಡೆಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತ.

“ನಂಗೆ ಗೊತ್ತಿತ್ತು ಕಣೋ.”

“ಏನು?”

“ಮೊಣಕಾಲು ಅಂತ. ಮೊದಲ ವಾರದಲ್ಲೇ ಗೊತ್ತಾಯ್ತು. ಈ ಮೆಟ್ಟಿಲು ಹತ್ತೋವಾಗ್ಲೂ ಬರ್ತಿತ್ತು. ಗಾಡಿ ಕೆಳಗೆ ಬೀಗ ಹಾಕಿ ನಿಂತಿರ್ತಿತ್ತು.”

“ಮತ್ತೆ ಬಳಗಕ್ಕೆ ಯಾಕೆ ಹಾಕಿದ್ರಿ?”

“ಯಾರಾದ್ರೂ ಒಬ್ರು ಗಾಡಿದು ಅಂದಾರು ಅಂತ. ಒಬ್ರೇನು, ಎಲ್ರೂ ಅಂದ್ರು! ಎಲುಬು ಡಾಕ್ಟ್ರೇ ಅಂದ್ರು! ಎಷ್ಟು ಖುಷಿಯಾಯ್ತು ಗೊತ್ತಾ? ಗೊತ್ತಿದ್ದವರು ಅಷ್ಟು ಜನ ಹೇಳ್ತಿದ್ದಾರೆ, ನಂದೇ ತಪ್ಪಿರ್ಬೇಕು ಅಂತ ಒಂದೊಂದೇ ಪಾರ್ಟು ಬದಲಾಯಿಸ್ತಾ ಹೋದೆ. ಸದ್ದು ಹೋಗ್ಲಿಲ್ಲ, ಹೋಗ್ಲಿ, ಇನ್ನೊಂದು ಪಾರ್ಟು ಉಳಿದಿದೆಯಲ್ಲ ಅಂತ ಧೈರ್ಯ. ಆ ಭಾನುವಾರ ಎಲ್ಲ ಬಿಚ್ಚಿ ಹಾಕಿದ್ರಲ್ಲ, ಆಗ ಬದಲಾಯಿಸೋಕೆ ಏನೂ ಉಳೀಲಿಲ್ಲ.” ಅವನ ದನಿ ಸಣ್ಣದಾಯಿತು. “ಭಯ ಆಗುತ್ತೆ ಕಣೋ. ಇದು ಮೊದಲು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಅದಕ್ಕೆ ಒಂದೇ ಒಂದು ಸಲ ಎಲ್ರಿಗಿಂತ ಮುಂದೆ ಹೋಗ್ಬಿಡ್ತೀನಿ. ಆಮೇಲೆ ಏನು ಬೇಕಾದ್ರೂ ಆಗ್ಲಿ.”

ನಾನು ಈ ಮನುಷ್ಯನನ್ನು ಇಷ್ಟು ವರ್ಷ ಗೇಲಿ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ, ಆದರೆ ಅವತ್ತು ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತೆ.

“ನಿಮ್ಮಕ್ಕನಿಗೆ ಹೇಳ್ಬೇಡ, ನಂಗೆ ಮೊದ್ಲೇ ಗೊತ್ತಿತ್ತು ಅಂತ. ಸುಮ್ನೆ ಹೆದರ್ಕೋತಾಳೆ” ಎಂದ.

ಗುಟ್ಟು ಕಾಪಾಡುವುದರಲ್ಲಿ ನಾನು ಎತ್ತಿದ ಕೈ ಅಲ್ಲ. ಒಂದು ಗುಟ್ಟನ್ನು ಹೇಗೋ ಸಹಿಸುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಗುಟ್ಟನ್ನು ಎರಡು ಕಡೆಯಿಂದ ನನ್ನ ತಲೆಗೆ ಕಟ್ಟಿದರೆ?

“ಅವಳು ಹೆದರ್ಕೊಂಡು ಎಷ್ಟೋ ಕಾಲ ಆಯ್ತು ಭಾವ! ನೀವು ಮಗ್ಗುಲು ಬದಲಾಯಿಸಿದಾಗೆಲ್ಲ ಅವಳಿಗೆ ಕೇಳ್ತಿತ್ತಂತೆ. ಡಾಕ್ಟರು ಮನೆಗೆ ಬರ್ಲಿ ಅಂತ್ಲೇ ಮನೆಯೆಲ್ಲ ಗ್ರೀಸು ಮಾಡಿಸ್ಕೊಂಡ್ಲು.”

ಭಾವ ಗರ ಬಡಿದವನ ಹಾಗೆ ಕೂತ. ಕೈಯಲ್ಲಿ ಆ ಮೇಲ್ದವಡೆ.

“ಹಂಗಾದ್ರೆ ಆ ಸೀಟಿಗೆ ಅಷ್ಟೊಂದು ಯಾಕೆ ಬೈದ್ಲು?”

“ನಿಮಗೆ ಬೈಯೋಕೆ ಬಾಯಿ ಬರ್ದೆ.”

ಅವನು ದವಡೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ, ಏಪ್ರನ್ ಬಿಚ್ಚಿದ, ನೀರು ಕುಡಿದ. ಕೆಳಗೆ ಹಾರ್ನ್ ಕೇಳಿಸಿತು. ಅಕ್ಕ ಕೊನೆಯ ಪಾಠ ಮುಗಿಸುತ್ತಾ ನಮ್ಮನ್ನು ಕರೆದೊಯ್ಯಲು ಬಂದಿದ್ದಳು. ಮೆಟ್ಟಿಲಿಳಿಯುವಾಗ ಭಾವ ನನ್ನ ಹೆಗಲು ಹಿಡಿದ. ಹೆಜ್ಜೆಗೊಂದು ಕಿರ್ರ್. ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಸ್ಟೀರಿಂಗ್ ಹಿಂದೆ ಕಲಿಯಲು ಬಂದ ಒಬ್ಬ ಹೆಂಗಸು ಬೆವರುತ್ತಾ ಕೂತಿದ್ದಳು, ಪಕ್ಕದಲ್ಲಿ ಅಕ್ಕ. ನಾವಿಬ್ಬರು ಹಿಂದೆ. ಕಾರು ಎರಡು ಸಲ ಆಫ್ ಆಗಿ ಮೂರನೆಯ ಸಲ ಹೊರಟಿತು. ಭಾವ ಫೋನ್ ತೆಗೆದು ಬಳಗಕ್ಕೆ ಬರೆದ: “ನಾನು ಬರ್ತಾ ಇಲ್ಲ. ಮೊಣಕಾಲಿಗೆ ಹೊಸ ಕೀಲು ಹಾಕಿಸ್ತಿದ್ದೀನಿ. ಮುಂದೆ ಬೇಕರಿಯವರು ಹೋಗಲಿ.”

ತಕ್ಷಣ ಫೋನು ಕುಣಿಯತೊಡಗಿತು. ಭಾವ ಒಂದೊಂದನ್ನೇ ಗಟ್ಟಿಯಾಗಿ ಓದಿದ. “ಕೀಲು ಯಾವ ಕಂಪನಿದು?” “ಸ್ಟೀಲಾ, ಟೈಟಾನಿಯಮ್ಮಾ?” “ಟೈಟಾನಿಯಮ್ಮೇ ಹಾಕ್ಸಿ, ತೂಕ ಕಡಿಮೆ.” “ಎರಡೂ ಕಾಲಿಗೆ ಒಟ್ಟಿಗೆ ಹಾಕ್ಸಿ, ಒಂದು ಕಡೆ ಮಾತ್ರ ಹೊಸದಿದ್ರೆ ಬ್ಯಾಲೆನ್ಸ್ ಹೋಗುತ್ತೆ.” “ಫೋಟೋ ಹಾಕಿ, ಬಲಗಡೆಯಿಂದ.” ಎಲುಬು ಡಾಕ್ಟರು ಎಲ್ಲರಿಗೂ ಸಾವಧಾನವಾಗಿ ಉತ್ತರ ಕೊಡುತ್ತಿದ್ದರು. ಬೇಕರಿಯವ ಒಂದು ಸಾಲು ಬರೆದಿದ್ದ: “ನಾನು ಮುಂದೆ ಹೋಗಲ್ಲ. ನೀವು ವಾಪಸ್ ಬರೋವರೆಗೆ ಆ ಜಾಗ ಖಾಲಿ ಇರಲಿ.” ಕಿವಿಯ ಚಿತ್ರ ಇರಲಿಲ್ಲ.

ಭಾವ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ, ಸ್ಟೀರಿಂಗ್ ಹಿಡಿದವಳೂ ವಿಷಯ ತಿಳಿಯದೆ ನಕ್ಕಳು. ನಗುತ್ತಾ ನಗುತ್ತಾ ಅವನ ಮುಖ ಮುದುಡಿಕೊಂಡಿತು. ಫೋನನ್ನು ಸೀಟಿನ ಮೇಲೆ ಬಿಟ್ಟು, ಎರಡೂ ಕೈಯಲ್ಲಿ ಮೊಣಕಾಲನ್ನು ಹಿಡಿದುಕೊಂಡ.

“ನೋಯ್ತಿದೆ ಕಣೇ” ಎಂದ. “ತುಂಬಾ ದಿನದಿಂದ ನೋಯ್ತಿದೆ.”

ಅಕ್ಕ ಹಿಂದೆ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತಾ, “ಗೊತ್ತು ರೀ” ಎಂದಳು. ಆಮೇಲೆ ಪಕ್ಕದವಳಿಗೆ, “ಮುಂದೆ ಹಂಪ್ ಇದೆ ಕಣಮ್ಮ, ನಿಧಾನಕ್ಕೆ ಹತ್ತಿಸು. ಹಿಂದೆ ಕಾಲು ನೋವಿನವರು ಕೂತಿದ್ದಾರೆ” ಎಂದಳು.